ಕಾಗದದ ಮೇಲಿನ ಟೈಲ್ಸ್ ಮೇಸ್ತ್ರಿ

ಸರಕಾರದ ಲೆಕ್ಕದಲ್ಲಿ ನಾನು ದುಬೈಯಲ್ಲಿ ಟೈಲ್ಸ್ ಹಾಕುವ ಮೇಸ್ತ್ರಿ. ವೀಸಾದಲ್ಲಿ ಹಾಗೇ ಇತ್ತು, ಲೇಬರ್ ಕಾರ್ಡಿನಲ್ಲೂ ಹಾಗೇ ಇತ್ತು. ನಿಜದಲ್ಲಿ ನಾನು ಅಲ್ ಕುಸೈಸಿನ ಒಂದು ಕೇಟರಿಂಗ್ ಕಂಪನಿಯ ಆಫೀಸಿನಲ್ಲಿ, ಕುತ್ತಿಗೆಗೆ ಟೈ ಬಿಗಿದುಕೊಂಡು, ಕಾಗದಪತ್ರಗಳ ಜೆರಾಕ್ಸ್ ತೆಗೆದು ಫೈಲಿಗೆ ಸೇರಿಸುತ್ತಿದ್ದೆ. ಟೈಲ್ಸಿಗೂ ನನಗೂ ಇದ್ದ ಸಂಬಂಧವೆಂದರೆ ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದದ್ದು, ಅಷ್ಟೇ.

ಇದರಲ್ಲಿ ಗುಟ್ಟೇನೂ ಇರಲಿಲ್ಲ. ನಮ್ಮ ಧಣಿಗಳು ಮೊದಲು ಕಟ್ಟಡ ರಿಪೇರಿಯ ಕಂಪನಿ ನಡೆಸುತ್ತಿದ್ದವರು. ಅಡುಗೆಯ ವ್ಯಾಪಾರಕ್ಕೆ ಇಳಿದದ್ದು ಆಮೇಲೆ. ಹಳೆಯ ಕಂಪನಿಯ ಹೆಸರಿನಲ್ಲಿ ಒಂದಿಷ್ಟು ವೀಸಾ ಖಾಲಿ ಉಳಿದಿತ್ತು. ಯಾವುದು ಖಾಲಿಯೋ ಅದರಲ್ಲಿ ಹುಡುಗರನ್ನು ಕರೆಸುವುದು ಅಲ್ಲಿ ನಡೆದು ಬಂದ ಪದ್ಧತಿ. ನಮ್ಮ ರಿಸೆಪ್ಷನ್ನಿನಲ್ಲಿ ಕೂತು ನಗುತ್ತಿದ್ದವನು ಕಾಗದದಲ್ಲಿ ಪ್ಲಂಬರ್. ಸ್ಟೋರಿನವನು ಪೈಂಟರ್. ನಮ್ಮೆಲ್ಲರ ಲೇಬರ್ ಕಾರ್ಡುಗಳನ್ನು ಒಟ್ಟು ಹಾಕಿದರೆ ಒಂದು ಮನೆ ಕಟ್ಟಿಬಿಡಬಹುದಿತ್ತು. ನಮ್ಮನ್ನು ಒಟ್ಟು ಹಾಕಿದರೆ ಒಂದು ಮೊಳೆಯೂ ನೆಟ್ಟಗೆ ಗೋಡೆಗೆ ಹೋಗುತ್ತಿರಲಿಲ್ಲ.

ನಾನು ಬಂದಿಳಿದ ವಾರವೇ ಧಣಿಗಳು ನನ್ನ ಮುಂದೆ ಕಾಗದ ಇಟ್ಟಿದ್ದರು. ಒಂದು ಬದಿ ಅರಬ್ಬಿ, ಇನ್ನೊಂದು ಬದಿ ಇಂಗ್ಲಿಷ್. ಅರಬ್ಬಿ ನನಗೆ ಬಾರದು. ಇಂಗ್ಲಿಷ್ ಬರುತ್ತಿತ್ತು, ಆದರೂ ಆ ಬದಿಗೆ ನಾನು ಕಣ್ಣು ಹಾಯಿಸಲಿಲ್ಲ. ಯಾಕೆಂದರೆ ಧಣಿಗಳು ನಮ್ಮ ಕಡೆಯವರು, ಉಡುಪಿಯ ಹತ್ತಿರದವರು, ನಮ್ಮ ತುಳು ಮಾತಾಡುವವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ‘ಅಣ್ಣ’ ಎಂದು. ಅಣ್ಣ ಎಂದು ಕರೆದವನ ಎದುರಿಗೇ ಕೂತು ಅವನು ಕೊಟ್ಟ ಕಾಗದವನ್ನು ಓದುವುದೆಂದರೆ ಅವನ ಮನೆಗೆ ಊಟಕ್ಕೆ ಹೋಗಿ ಸಾಂಬಾರನ್ನು ಮೂಸಿ ನೋಡಿದ ಹಾಗೆ. “ಎಲ್ಲಿ ಸೈನ್ ಅಣ್ಣಾ?” ಎಂದು ಕೇಳಬೇಕು, ಹಾಕಬೇಕು, ಪೆನ್ನನ್ನು ಎರಡೂ ಕೈಯಲ್ಲಿ ಹಿಂದೆ ಕೊಡಬೇಕು. ನಾನೂ ಹಾಗೇ ಮಾಡಿದೆ. ಪೆನ್ನು ಹಿಂದೆ ಕೊಡುವಾಗ ನಾನು ಟೈಲ್ಸ್ ಮೇಸ್ತ್ರಿಯಾಗಿದ್ದೆ.

ಹಾಗೆಂದು ನಾವು ಯಾರನ್ನೂ ಸಂಶಯಪಡದ ಸಾಧುಗಳು ಎಂದು ತಿಳಿಯಬೇಡಿ. ಧಣಿಗಳೊಬ್ಬರನ್ನು ಬಿಟ್ಟು ನಾವು ಎಲ್ಲರನ್ನೂ ಸಂಶಯಿಸುತ್ತಿದ್ದೆವು. ರೂಮಿನಲ್ಲಿ ಮೇಲಿನ ಬಂಕಿನವನು ನನ್ನ ಉಪ್ಪಿನಕಾಯಿ ಕದಿಯುತ್ತಾನೆ ಎಂದು ನಾನು ಬಾಟಲಿಗೆ ಪೆನ್ನಿನಿಂದ ಗೆರೆ ಹಾಕಿ ಇಡುತ್ತಿದ್ದೆ. ಅವನು ಹೊರಗಿನಿಂದ ಬಂದ ಕೂಡಲೇ ತನ್ನ ಶಾಂಪೂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ನಾವು ಹತ್ತಿರ ಹೋದರೆ ಈಜಿಪ್ಟಿನ ಅಕೌಂಟೆಂಟ್ ಕಂಪ್ಯೂಟರಿನ ಪರದೆ ತಿರುಗಿಸುತ್ತಿದ್ದ. ಎಲ್ಲರಿಗಿಂತ ಹೆಚ್ಚಿನ ಸಂಶಯ ನಮ್ಮ ಪಿಆರ್‌ಒ ಮೇಲೆ. ಪಿಆರ್‌ಒ ಎಂದರೆ ಕಂಪನಿಯ ಪರವಾಗಿ ಸರಕಾರಿ ಕಚೇರಿಗಳಿಗೆ ಅಲೆದು ವೀಸಾ, ಲೇಬರ್ ಕಾರ್ಡು ಎಲ್ಲ ಮಾಡಿಸಿಕೊಂಡು ಬರುವವನು. ಇವರು ಕಾಸರಗೋಡಿನವರು, ನಾವು ಇಕ್ಕ, ಎಂದರೆ ಅವರ ಕಡೆಯ ಅಣ್ಣ, ಎನ್ನುತ್ತಿದ್ದೆವು. ಕನ್ನಡ, ತುಳು, ಮಲಯಾಳ, ಹಿಂದಿ, ಅರಬ್ಬಿ ಎಲ್ಲ ಗೊತ್ತಿದ್ದದ್ದರಿಂದ ಅವರ ಎದುರಿಗೆ ಅವರನ್ನು ಬೈಯಲು ನಮಗೆ ಒಂದು ಭಾಷೆಯೂ ಉಳಿದಿರಲಿಲ್ಲ. ಸಂಶಯಕ್ಕೆ ಅದೇ ಸಾಕಲ್ಲ?

ನನಗೋ ಮಿಮಿಕ್ರಿಯ ಚಟ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, “ಏ, ಇಕ್ಕನನ್ನು ಮಾಡು ಮಾರಾಯ” ಎನ್ನುತ್ತಿದ್ದರು. ಇಕ್ಕನಿಗೆ ಯಾವ ಪ್ರಶ್ನೆ ಕೇಳಿದರೂ ಅವರು ಮೊದಲು ಹಲ್ಲಿನ ಸಂದಿಯಿಂದ ‘ತ್ಸ್’ ಎಂದು ಗಾಳಿ ಎಳೆದುಕೊಂಡು, ನಮ್ಮ ತಲೆಯ ಮೇಲೆ ಗೋಡೆಯಲ್ಲಿ ಏನೋ ಬರೆದಿರುವ ಹಾಗೆ ನೋಡಿ, “ಇನ್‌ಶಾ ಅಲ್ಲಾ ಮೋನೇ” ಎನ್ನುತ್ತಿದ್ದರು. ದೇವರಿಚ್ಛೆಯಿದ್ದರೆ ಆಗುತ್ತದೆ ಮಗನೇ ಎಂದು ಅರ್ಥ, ಆದರೆ ಅದು ಹೌದೋ ಅಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ. ಧಣಿಗಳನ್ನು ಮಾಡುವುದು ಇನ್ನೂ ಸುಲಭ. ಏನಾದರೂ ಮುಖ್ಯ ಮಾತು ಬಂದರೆ ಅವರು ಕನ್ನಡಕ ತೆಗೆದು ಟೈಯ ತುದಿಯಲ್ಲಿ ಒರೆಸುತ್ತ, ಸ್ವರ ತಗ್ಗಿಸಿ, “ನೋಡು ತಮ್ಮಾ...” ಎನ್ನುತ್ತಿದ್ದರು. ನನ್ನನ್ನು ನಾನೇ ಮಾಡಿ ತೋರಿಸುತ್ತಿದ್ದದ್ದೂ ಉಂಟು: ಕೌಂಟರಿನಲ್ಲಿ ಯಾರಾದರೂ ಅಧಿಕಾರಿ ನನ್ನ ಹೆಸರು ಕೂಗಿದರೆ “ಯೆಸ್ ಸರ್” ಎನ್ನುವಾಗ ನನ್ನ ಸ್ವರ ಹೆಣ್ಣು ಬೆಕ್ಕಿನದಾಗುತ್ತಿತ್ತು. ಅದಕ್ಕೇ ಹೆಚ್ಚು ನಗು ಬರುತ್ತಿತ್ತು.

ಇನ್ನೊಂದು ಸಂಗತಿ ಹೇಳಿಬಿಡಬೇಕು. ಧಣಿಗಳ ಮನೆ ಅಲ್ ಬರ್ಷಾದಲ್ಲಿ. ಅವರ ಮನೆಯವರು ಬನ್ಸ್ ಮಾಡುವುದರಲ್ಲಿ ಎತ್ತಿದ ಕೈ. ಬಾಳೆಹಣ್ಣು ಹಾಕಿ, ಉಬ್ಬಿಸಿ ಕರಿದ, ನಮ್ಮೂರಿನದೇ ಬನ್ಸ್. ಆದರೆ ಆ ಸ್ಟೀಲಿನ ಡಬ್ಬಿ ಸುಮ್ಮಸುಮ್ಮನೆ ಆಫೀಸಿಗೆ ಬರುತ್ತಿರಲಿಲ್ಲ. ಒಮ್ಮೆ ಬಂದಾಗ ಮರುದಿನ ಶುಕ್ರವಾರದ ರಜೆ ಹೋಯಿತು. ಇನ್ನೊಮ್ಮೆ ಬಂದಾಗ ಇಬ್ಬರಿಗೆ ಊರಿಗೆ ಹೋಗುವ ಟಿಕೆಟ್ಟು ಮುಂದಕ್ಕೆ ಹೋಯಿತು. ಹಾಗಾಗಿ ಡಬ್ಬಿ ಮೇಜಿನ ಮೇಲೆ ಕಂಡರೆ ಹುಡುಗರು ಮೊದಲು ಮುಖ ಮುಖ ನೋಡಿಕೊಳ್ಳುತ್ತಿದ್ದರು, ಆಮೇಲೆ ತಿನ್ನುತ್ತಿದ್ದರು. ತಿನ್ನದೆ ಬಿಟ್ಟವನು ಮಾತ್ರ ಒಬ್ಬನೂ ಇಲ್ಲ.

2010ರ ದಶಕದ ನಡುವೆ ಅಲ್ಲಿ ನಿಯಮ ಬದಲಾಯಿತು. ಅದಕ್ಕೆ ಮೊದಲು ಎರಡು ಕಾಗದದ ಕಾಲ. ಊರಿನಲ್ಲಿರುವಾಗ ಏಜೆಂಟು ತೋರಿಸುವ ಕಾಗದ ಒಂದು. ಇಲ್ಲಿ ಬಂದಿಳಿದು, ಹಿಂದೆ ಹೋಗುವ ದಾರಿ ಇಲ್ಲದಾಗ ಸೈನ್ ಹಾಕುವ ಕಾಗದ ಇನ್ನೊಂದು. ಮೊದಲನೆಯದರಲ್ಲಿ ಕೆಲಸಗಾರ ರಾಜ, ಎರಡನೆಯದರಲ್ಲಿ ಕೂಲಿ. ಹೊಸ ನಿಯಮದ ಪ್ರಕಾರ ಮನುಷ್ಯ ಊರಿನಲ್ಲಿ ಇರುವಾಗಲೇ ಆಫರ್ ಕಾಗದ ಹೋಗಬೇಕು, ಅವನು ಓದಿ ತಿಳಿದುಕೊಂಡು ಸೈನ್ ಹಾಕಬೇಕು, ಇಲ್ಲಿ ಬಂದ ಮೇಲೆ ಅದೇ ಕಾಗದ ಒಪ್ಪಂದವಾಗಬೇಕು. ಅರಬ್ಬಿ ಮತ್ತು ಇಂಗ್ಲಿಷಿನ ಜೊತೆಗೆ ಅವನಿಗೆ ಅರ್ಥವಾಗುವ ಮೂರನೆಯ ಭಾಷೆಯಲ್ಲೂ ಅದು ಇರಬೇಕು. ಮೂರನೆಯ ಭಾಷೆಗಳ ಸಾಲಿನಲ್ಲಿ ಹಿಂದಿ ಇತ್ತು, ಮಲಯಾಳ ಇತ್ತು, ತಮಿಳು ಇತ್ತು. ಕನ್ನಡ ಇರಲಿಲ್ಲ. ತುಳುವನ್ನಂತೂ ಕೇಳುವುದೇ ಬೇಡ.

ಧಣಿಗಳು ನನ್ನನ್ನು ಕರೆದರು. ಕನ್ನಡಕ ಕೈಗೆ ಬಂತು.

“ನೋಡು ತಮ್ಮಾ, ನಮ್ಮ ಹುಡುಗರಿಗೆ ಹಿಂದಿಯದ್ದು ಕಳಿಸುವಾ. ನೀನು ಫೋನ್ ಮಾಡಿ ಕನ್ನಡದಲ್ಲಿ ಹೇಳಿಬಿಡು. ಉದ್ದ ಎಳೀಬೇಡ. ಜಾಸ್ತಿ ಹೇಳಿದ್ರೆ ಪಾಪ ಹೆದರ್ತಾರೆ.”

ಹೀಗೆ ನಾನು ಕಂಪನಿಯ ಕನ್ನಡವಾದೆ. ವಾಟ್ಸಾಪಿನಲ್ಲಿ ಕಾಗದ ಕಳುಹಿಸಿ, ಫೋನು ಹಚ್ಚಿ, ಒಂದೊಂದೇ ಸಾಲು ಹೇಳುತ್ತ ಹೋಗುತ್ತಿದ್ದೆ: ಹುದ್ದೆ ಇಂಥದ್ದು, ಕೆಲಸದ ಜಾಗ ಇಂಥದ್ದು, ಮೊದಲ ಆರು ತಿಂಗಳು ಪ್ರೊಬೇಷನ್, ವಾರಕ್ಕೊಂದು ರಜೆ. ಆ ಕಡೆಯಿಂದ ಬರುತ್ತಿದ್ದದ್ದು “ಹೂಂ... ಹೂಂ... ಅಲ್ಲಿ ಸೆಕೆ ಜಾಸ್ತಿಯಾ?” ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರ ಸಂಶಯವೆಲ್ಲ ಬೇರೆಯೇ ಜಾಗದಲ್ಲಿತ್ತು. “ಅಲ್ಲ, ನನ್ನನ್ನು ಕರೆಸಿದ್ದಕ್ಕೆ ನಿನಗೆ ಎಷ್ಟು ಸಿಗ್ತದೆ?” ಎಂದು ಪ್ರತಿಯೊಬ್ಬನೂ ಕೊನೆಯಲ್ಲಿ ಕೇಳುತ್ತಿದ್ದ. ಏನೂ ಇಲ್ಲ ಎಂದರೆ ನಗುತ್ತಿದ್ದರು. ಇಲ್ಲ ಎನ್ನುವವನಿಗೆ ಜಾಸ್ತಿಯೇ ಸಿಗುತ್ತದೆ ಎಂಬುದು ಅವರ ಲೆಕ್ಕ.

ಹೀಗಿರುವಾಗ ನನ್ನ ಬಾವನ ಸರದಿ ಬಂತು.

ಬಾವ ಎಂದರೆ ನನ್ನ ಅಕ್ಕನ ಗಂಡ. ಹೋಟೆಲ್ ಮ್ಯಾನೇಜ್‌ಮೆಂಟಿನ ಡಿಪ್ಲೊಮಾ ಮಾಡಿ, ಅದರ ಸರ್ಟಿಫಿಕೇಟನ್ನು ಕಪಾಟಿಗೆ ಹಾಕಿ, ಮದುವೆಮನೆಗಳ ಅಡುಗೆಗೆ ಇಳಿದವನು. ಧಣಿಗಳು ಊರಿಗೆ ಹೋಗಿದ್ದಾಗ ಯಾವುದೋ ಮದುವೆಯಲ್ಲಿ ಅವನ ಕೋಳಿ ಸುಕ್ಕ ತಿಂದು, ಕೈ ತೊಳೆಯುವ ಮೊದಲೇ ದುಬೈಗೆ ಬರಲು ಹೇಳಿದ್ದರು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಹೋಟೆಲಿನ ಕೆಲಸದವರ ಊಟದ ಗುತ್ತಿಗೆ ಅವರಿಗೆ ಸಿಕ್ಕಿತ್ತು. ಅಲ್ಲೊಂದು ಹೊಸ ಅಡುಗೆಮನೆ ಆಗುತ್ತಿತ್ತು. “ನೀನೇ ಅಲ್ಲಿ ಕಿಚನ್ ಸೂಪರ್‌ವೈಸರ್. ಹೆಂಡತಿ ಮಕ್ಕಳನ್ನೂ ಕರ್ಕೊಂಡು ಬಾ” ಎಂದಿದ್ದರಂತೆ.

ಅಕ್ಕ ಒಪ್ಪಿದ್ದೇ ಆ ಕೊನೆಯ ಮಾತಿಗೆ. ಅವಳಿಗೆ ಒಬ್ಬ ಮಗ, ಆಗ ಒಂದನೇ ಕ್ಲಾಸು. ಗಂಡನನ್ನು ಕಳುಹಿಸಿಕೊಟ್ಟು ವರ್ಷಕ್ಕೊಮ್ಮೆ ಅತ್ತರು ಬಾಟಲಿ ಇಸಿದುಕೊಳ್ಳುವ ಸಂಸಾರ ನನಗೆ ಬೇಡ ಎಂದು ಅವಳು ಮೊದಲೇ ಹೇಳಿದ್ದಳು. “ಹೋದ್ರೆ ಎಲ್ಲರೂ. ಇಲ್ಲದಿದ್ರೆ ಯಾರೂ ಇಲ್ಲ.” ಅಷ್ಟೇ ಅವಳ ಷರತ್ತು.

ಆ ದಿನಗಳಲ್ಲಿ ಹೆಂಡತಿ ಮಕ್ಕಳಿಗೆ ವೀಸಾ ಮಾಡಿಸಬೇಕಾದರೆ ಸಂಬಳ ಸಾಕಷ್ಟಿದ್ದರೆ ಸಾಲದು, ಕಾಗದದಲ್ಲಿ ಹುದ್ದೆಯೂ ಇಂಥದ್ದೇ ಇರಬೇಕಿತ್ತು. ಸೂಪರ್‌ವೈಸರ್ ಆದರೆ ಅಡ್ಡಿಯಿಲ್ಲ. ಹೆಲ್ಪರ್, ಕ್ಲೀನರ್, ಟೈಲ್ಸ್ ಮೇಸ್ತ್ರಿ ಇಂಥವರು ಸಂಸಾರವನ್ನು ಫೋನಿನಲ್ಲೇ ನಡೆಸಬೇಕು. ನನಗೆ ಮದುವೆಯೇ ಆಗಿರಲಿಲ್ಲವಾದ್ದರಿಂದ ನನ್ನ ಟೈಲ್ಸು ಯಾರ ಕಾಲಿಗೂ ಚುಚ್ಚಿರಲಿಲ್ಲ.

ಬಾವನ ಆಫರ್ ಪ್ರಿಂಟರಿನಿಂದ ಹೊರಬಂದಾಗ ಅದನ್ನು ಎತ್ತಿಕೊಂಡವನು ನಾನೇ. ಹುದ್ದೆಯ ಜಾಗದಲ್ಲಿ ‘ಕಿಚನ್ ಹೆಲ್ಪರ್’ ಎಂದಿತ್ತು.

ನನ್ನ ಸಂಶಯ ನೇರ ಇಕ್ಕನ ಮೇಲೆ ಹೋಯಿತು. ಬೇರೆ ಎಲ್ಲಿಗೆ ಹೋಗಬೇಕು? ಅವರು ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ಚಾ ಕುಡಿಯುತ್ತಿದ್ದರು.

“ಇಕ್ಕಾ, ಇದು ಎಂತದು? ಸೂಪರ್‌ವೈಸರ್ ಅಂತ ಅಲ್ವಾ ಇರ್ಬೇಕಾದ್ದು?”

“ತ್ಸ್.” ಅವರು ನನ್ನ ತಲೆಯ ಮೇಲಿನ ಗೋಡೆಯನ್ನು ಓದಿದರು. ಅಲ್ಲಿ ಗೋಡೆಯೇ ಇರಲಿಲ್ಲ. “ಹೇಳಿದ್ದನ್ನು ಟೈಪ್ ಮಾಡಿಸುವವನು ನಾನು ಮೋನೇ. ಹೇಳುವವರು ಮೇಲೆ ಇದ್ದಾರೆ.”

“ಅಣ್ಣ ಹಾಗೆ ಹೇಳ್ಲಿಕ್ಕಿಲ್ಲ.”

“ಹಾಂ, ಹೇಳ್ಲಿಕ್ಕಿಲ್ಲ. ನನ್ನ ಬೆರಳೇ ಜಾರಿದ್ದು ಅಂತ ಇಟ್ಕೋ.” ಚಾದ ಕಪ್ಪನ್ನು ಕಾರಿನ ಮೇಲಿಟ್ಟು ನನ್ನ ಹತ್ತಿರ ಬಾಗಿದರು. “ಒಂದು ಕೇಳ್ತೇನೆ. ಸಂಸಾರ ಇರುವ ಅಡುಗೆಯವನು ಕೆಲಸ ಮುಗಿದ ಕೂಡ್ಲೇ ಎಲ್ಲಿಗೆ ಹೋಗ್ತಾನೆ?”

“ಮನೆಗೆ.”

“ಸಂಸಾರ ಇಲ್ಲದವನು?”

ಅದೂ ನನಗೆ ಗೊತ್ತಿತ್ತು. ಸಂಸಾರ ಇಲ್ಲದವನು ಅಡುಗೆಮನೆಯ ಹಿಂದಿನ ಕೋಣೆಯಲ್ಲೇ ಮಲಗುತ್ತಾನೆ, ಕರೆದಾಗ ಏಳುತ್ತಾನೆ.

“ಯಲ್ಲಾ, ಹೋಗು. ನಾನು ಎಂತ ಹೇಳಿಲ್ಲ” ಎಂದು ಇಕ್ಕ ಕಾರು ಹತ್ತಿದರು.

ಈಗ ನನ್ನ ಸಂಶಯಕ್ಕೆ ಎರಡು ಬಾಗಿಲು. ಧಣಿಗಳೇ ಹೀಗೆ ಮಾಡಿಸಿದರೇ? ಅಥವಾ ಕಾಸರಗೋಡಿನ ಈ ಮನುಷ್ಯ ನಮ್ಮಿಬ್ಬರ ನಡುವೆ ಬೆಂಕಿ ಹಚ್ಚುತ್ತಿದ್ದಾರೆಯೇ? ಮರುದಿನ ಬೆಳಿಗ್ಗೆ ಆಫೀಸಿಗೆ ಬಂದು ನೋಡಿದರೆ ನನ್ನ ಮೇಜಿನ ಮೇಲೆ ಸ್ಟೀಲಿನ ಡಬ್ಬಿ. ಎಲ್ಲರ ಮೇಜಿನ ಮೇಲಲ್ಲ, ನನ್ನದರ ಮೇಲೆ ಮಾತ್ರ. ರಿಸೆಪ್ಷನ್ನಿನ ಪ್ಲಂಬರ್ ದೂರದಿಂದಲೇ ಕೈ ಮುಗಿದು “ದೇವರು ನಿನಗೆ ಒಳ್ಳೇದು ಮಾಡಲಿ ಮಾರಾಯ” ಎಂದ.

ಒಳಗಿನಿಂದ ಕರೆ ಬಂತು. ಧಣಿಗಳು ಟೈಯ ತುದಿಯಲ್ಲಿ ಕನ್ನಡಕ ಒರೆಸುತ್ತಿದ್ದರು.

“ನೋಡು ತಮ್ಮಾ, ನಿನ್ನ ಬಾವ ಅಂದ್ರೆ ನನ್ನ ಬಾವ ಇದ್ದ ಹಾಗೆ. ಸೂಪರ್‌ವೈಸರ್ ಅಂತ ಹಾಕ್ಲಿಕ್ಕೆ ಸರ್ಟಿಫಿಕೇಟ್ ಬೇಕು. ಅದಕ್ಕೆ ಬೆಂಗಳೂರಲ್ಲಿ ಸೀಲ್, ದಿಲ್ಲಿಯಲ್ಲಿ ಸೀಲ್, ಎಂಬೆಸಿಯಲ್ಲಿ ಸೀಲ್. ಅಷ್ಟೊತ್ತಿಗೆ ನಮ್ಮ ಕಿಚನ್ ತಣ್ಣಗಾಗ್ತದೆ. ಈಗ ಹೆಲ್ಪರ್ ಅಂತ ಬರ್ಲಿ. ಆರು ತಿಂಗಳು ಕಳೀಲಿ. ಆಮೇಲೆ ಬದಲಿಸುವಾ. ನಾನು ಇದ್ದೇನಲ್ಲ?”

“ಅದನ್ನು ಕಾಗದದಲ್ಲಿ ಬರೀಬಹುದಾ ಅಣ್ಣಾ?” ಎಂದು ಕೇಳಿದೆ. ಸ್ವರ ಬೆಕ್ಕಿನದಾಗಿತ್ತು.

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. “ನಮ್ಮ ನಮ್ಮೊಳಗೆ ಎಂತ ಕಾಗದ?”

ಬನ್ಸ್ ತುಂಬ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ.

ಸಂಜೆ ರೂಮಿನ ಮೆಟ್ಟಿಲಲ್ಲಿ ಕೂತು ಬಾವನಿಗೆ ಫೋನು ಮಾಡಿದೆ. ಅಕ್ಕನೂ ಅಲ್ಲೇ ಇದ್ದಳು, ಸ್ಪೀಕರ್ ಹಾಕಿದ್ದರು. ಕಾಗದವನ್ನು ಸಾಲು ಸಾಲಾಗಿ ಹೇಳತೊಡಗಿದೆ. ಹುದ್ದೆ ಕಿಚನ್ ಹೆಲ್ಪರ್ ಎಂದು ಹೇಳಿದ ಮೇಲೂ ಬಾವನ “ಹೂಂ” ತಪ್ಪಲಿಲ್ಲ. ಅದೇ ತಾಳದಲ್ಲಿ ಇನ್ನೊಂದು “ಹೂಂ” ಬಂತು. ನನಗೆ ತಲೆ ಕೆಟ್ಟಿತು. ಕಾಗದವನ್ನು ಮೊದಲಿನಿಂದ ಹಿಡಿದು, ಧಣಿಗಳ ಸ್ವರದಲ್ಲಿ ಓದಿದೆ.

“ನೋಡು ತಮ್ಮಾ, ಈಗ ನೀನು ಹೆಲ್ಪರ್. ಮೊದಲ ಆರು ತಿಂಗಳು ಪ್ರೊಬೇಷನ್. ಅಷ್ಟರಲ್ಲಿ ಬೇಡ ಅಂತ ಕಂಡ್ರೆ ನಾನು ಮನೆಗೆ ಕಳಿಸಬಹುದು. ಹೆಂಡತಿ ವಿಷಯ ಇದರಲ್ಲಿ ಎಂತ ಇಲ್ಲ ತಮ್ಮಾ. ನಾನು ಇದ್ದೇನಲ್ಲ?”

“ಹೂಂ” ನಿಂತಿತು. ಕಾಗದ ಅದೇ, ಸಾಲುಗಳು ಅವೇ. ಆದರೆ ನನ್ನ ಸ್ವರದಲ್ಲಿ ಓದಿದಾಗ ಅದು ಬರೀ ಕಾಗದವಾಗಿತ್ತು. ಧಣಿಗಳ ಸ್ವರದಲ್ಲಿ ಓದಿದಾಗ ಅದರ ಹಿಂದೆ ಒಬ್ಬ ಮನುಷ್ಯ ಬಂದು ನಿಂತಿದ್ದ.

“ಏ ಇವನೇ,” ಅಕ್ಕನ ಸ್ವರ ಬಂತು, “ನನ್ನನ್ನು ಕರೆಸುವ ಮಾತು ಆ ಕಾಗದದಲ್ಲಿ ಉಂಟಾ ಇಲ್ವಾ?”

“ಇಲ್ಲ.”

“ಹೆಲ್ಪರ್ ಆದ್ರೆ ನನಗೆ ವೀಸಾ ಸಿಗ್ತದಾ?”

“ಇಲ್ಲ ಅಕ್ಕ.”

“ಮತ್ತೆ ಸೈನ್ ಎಂತದಕ್ಕೆ? ಬೇಡ.”

“ಹಾಗೆ ಹೇಳಿದ್ರೆ ಅಣ್ಣನಿಗೆ ಬೇಜಾರಾಗ್ತದೆ ಮಾರಾಯ್ತಿ” ಎಂದ ಬಾವ. ಅವನ ಪಾಲಿಗೆ ಪ್ರಪಂಚದ ಅತಿ ದೊಡ್ಡ ಅನಾಹುತವೆಂದರೆ ಇನ್ನೊಬ್ಬರಿಗೆ ಬೇಜಾರಾಗುವುದು. ಮದುವೆಮನೆಯಲ್ಲಿ ಒಬ್ಬ ಮುದುಕ ಉಪ್ಪು ಜಾಸ್ತಿ ಎಂದರೆ ವಾರಗಟ್ಟಲೆ ನಿದ್ದೆಗೆಡುವ ಜನ. “ಒಳ್ಳೇ ಮನುಷ್ಯರು. ನಮ್ಮವರು. ಕಾಗದ ಹಿಡ್ಕೊಂಡು ಚೌಕಾಶಿ ಮಾಡ್ಲಿಕ್ಕೆ ಅವರೆಂತ ಮೀನು ಮಾರುವವರಾ?”

“ಮೀನಿನವಳಾದ್ರೂ ಕಿವಿರು ತೆಗೆದು ತೋರಿಸ್ತಾಳೆ” ಎಂದಳು ಅಕ್ಕ.

ಬಾವ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದ. “ಅಲ್ಲ ಮಾರಾಯ, ನೀನು ಯಾಕೆ ಇದನ್ನೆಲ್ಲ ಇಷ್ಟು ಎಳೀತಾ ಇದ್ದೀ? ನಿನಗೆ ಅಲ್ಲಿ ಎಂತಾದರೂ... ಅಲ್ಲ, ಬೇರೆ ಯಾರನ್ನಾದ್ರೂ ಆ ಜಾಗಕ್ಕೆ ತರುವ ಪ್ಲಾನ್ ಉಂಟಾ?”

ಇಷ್ಟರವರೆಗೆ ಅವನನ್ನು ಕರೆಸಿದ್ದಕ್ಕೆ ಕಮಿಷನ್ ತಿಂದ ಸಂಶಯವಿತ್ತು. ಈಗ ಕರೆಸದೇ ಇರುವುದಕ್ಕೂ ತಿಂದಿದ್ದೇನೆ ಎಂದಾಯಿತು. ನಾನು ಇಕ್ಕನ ಹಾಗೆ ‘ತ್ಸ್’ ಎಂದು ಫೋನಿಟ್ಟೆ.

ಎರಡು ದಿನ ಕಳೆದು ಧಣಿಗಳು ಕರೆದು ಒಂದು ಪ್ರಿಂಟು ಕೊಟ್ಟರು. ಬಾವನ ಆಫರ್. ಕೆಳಗೆ ಬಾವನ ಸೈನ್, ಬಾಲ ಉದ್ದವಾಗಿ ಎಳೆದದ್ದು, ನನಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಅಕ್ಕನಿಗೆ ಹೇಳದೆ, ನನಗೂ ಹೇಳದೆ, ಫೋಟೋ ತೆಗೆದು ನೇರ ಧಣಿಗಳ ನಂಬರಿಗೆ ಕಳುಹಿಸಿದ್ದ. ಜೊತೆಗೆ ಕೈ ಮುಗಿಯುವ ಚಿತ್ರವೂ ಒಂದು.

“ಒಳ್ಳೇ ಹುಡುಗ” ಎಂದರು ಧಣಿಗಳು. “ಇಕ್ಕನಿಗೆ ಕೊಡು. ನಾಳೆ ಸಬ್ಮಿಟ್ ಆಗ್ಲಿ. ಖಲಾಸ್.”

ನಾನು ಕಾಗದವನ್ನು ಹಿಡಿದುಕೊಂಡು ಹೊರಗೆ ಬಂದೆ. ಅದು ಇನ್ನೂ ನಮ್ಮ ಆಫೀಸಿನ ಕಾಗದ. ನಾಳೆ ಇಕ್ಕನ ಬ್ಯಾಗಿಗೆ ಹೋಗಿ ಮಿನಿಸ್ಟ್ರಿಯ ಕಂಪ್ಯೂಟರಿಗೆ ಇಳಿದರೆ ಮತ್ತೆ ಬದಲಿಸಲು ಧಣಿಗಳಿಗೆ ಮನಸ್ಸು ಬರಬೇಕು. ಆರು ತಿಂಗಳ ಮೇಲೆ ಅವರಿಗೆ ಮನಸ್ಸು ಬರುವುದೋ ಬನ್ಸ್ ಬರುವುದೋ ಹೇಳುವವರು ಯಾರು? ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅಕ್ಕನಿಗೆ ಫೋನು ಮಾಡಿದೆ. ನಲ್ಲಿ ಬಿಟ್ಟದ್ದು ಯಾರೂ ಕೇಳಿಸಿಕೊಳ್ಳಬಾರದು ಎಂದು. ಆದರೆ ಅಕ್ಕನಿಗೂ ಕೇಳಿಸಲಿಲ್ಲ. ಕೊನೆಗೆ ನಾನು ಬೊಬ್ಬೆ ಹೊಡೆದು ಹೇಳಿದೆ, ಪಕ್ಕದ ಕಕ್ಕಸಿನಿಂದ ಸ್ಟೋರಿನ ಪೈಂಟರ್ “ಸೈನ್ ಹಾಕಿಯೇ ಬಿಟ್ನಾ?” ಎಂದು ಕೇಳಿದ.

ಅಕ್ಕ ಬೈಯಲಿಲ್ಲ, ಅಳಲಿಲ್ಲ. “ನಂಬರ್ ಕಳಿಸು” ಎಂದಳು.

ಮಧ್ಯಾಹ್ನ ನಾನು ಧಣಿಗಳ ಕೋಣೆಯಲ್ಲೇ ಫೈಲು ಜೋಡಿಸುತ್ತಿದ್ದಾಗ ಅವರ ಫೋನು ಬಡಿಯಿತು. ಆ ಮಾತುಕತೆಯ ಅರ್ಧ ನಾನು ಅಲ್ಲೇ ಕೇಳಿದ್ದು. ಉಳಿದರ್ಧವನ್ನು ಅಕ್ಕ ಆಮೇಲೆ ಎಷ್ಟೋ ಸಲ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದಾಳೆ. ಎರಡೂ ಸ್ವರದಲ್ಲಿ ಅದನ್ನು ನಾನು ಈಗಲೂ ಮಾಡಿ ತೋರಿಸಬಲ್ಲೆ.

“ಅಣ್ಣಾ, ನಾನು. ಕೋಳಿ ಸುಕ್ಕದವರ ಹೆಂಡತಿ.”

“ಓ ತಂಗೀ! ಹೇಳು ಹೇಳು.”

“ನನ್ನ ಗಂಡ ಆ ಕಾಗದಕ್ಕೆ ಸೈನ್ ಹಾಕಿದ್ದು ನಿಮ್ಮ ಮೇಲಿನ ಮರ್ಯಾದೆಗೆ. ಅವರು ಓದ್ಲಿಲ್ಲ. ನಾನು ಓದಿದೆ.”

“ಛೆ ಛೆ, ಅದರಲ್ಲಿ ಓದ್ಲಿಕ್ಕೆ ಎಂತ ಉಂಟು? ನನ್ನ ಬಾಯಿಮಾತು ಉಂಟಲ್ಲ ತಂಗೀ.”

“ನಿಮ್ಮ ಮಾತಿನ ಮೇಲೆ ನನಗೆ ಸಂಶಯ ಇಲ್ಲ. ಆದ್ರೆ ನೀವು ರಜೆಯಲ್ಲಿ ಊರಿಗೆ ಬಂದಾಗ ಅಲ್ಲಿ ಕೌಂಟರಿನಲ್ಲಿ ಮಾತಾಡುವುದು ಯಾರು? ಕಾಗದ ಅಲ್ವಾ?”

ಧಣಿಗಳ ಕೈ ಕನ್ನಡಕಕ್ಕೆ ಹೋಯಿತು.

“ನಾನು ಸಹಕಾರಿ ಸಂಘದ ಸಾಲದ ಮೇಜಿನಲ್ಲಿ ಕೂತುಕೊಳ್ಳುವವಳು ಅಣ್ಣಾ” ಎಂದಳಂತೆ ಅಕ್ಕ. “ಬಾವನ ಮಾತಿಗೆ, ದೊಡ್ಡಪ್ಪನ ಮಾತಿಗೆ ಜಾಮೀನು ಹಾಕಿದವರನ್ನು ದಿನಾ ನೋಡ್ತೇನೆ. ಮಾತು ಕೊಟ್ಟವರು ಎಲ್ಲರೂ ಒಳ್ಳೆಯವರೇ.”

“ಹಾಗಲ್ಲ ತಂಗೀ... ಅಲ್ಲ ತಂಗೀ... ಸರ್ಟಿಫಿಕೇಟಿಗೆ ಸೀಲ್ ಆಗುವಷ್ಟೊತ್ತಿಗೆ...”

“ಸರ್ಟಿಫಿಕೇಟ್ ನನ್ನ ಕಪಾಟಿನಲ್ಲುಂಟು. ನಾಳೆಯೇ ಬೆಂಗಳೂರಿಗೆ ಕಳಿಸ್ತೇನೆ. ಅವರ ಪಾಸ್‌ಪೋರ್ಟೂ ಅದೇ ಕಪಾಟಿನಲ್ಲುಂಟು. ಬೀಗದ ಕೈ ನನ್ನ ಹತ್ರ ಉಂಟು. ನೀವು ಅಣ್ಣ ಅಲ್ವಾ, ತಂಗಿ ಇಷ್ಟು ಕೇಳಬಾರದಾ?”

ಧಣಿಗಳು ಟೈಯ ತುದಿಯನ್ನು ಹಿಡಿದುಕೊಂಡು ಒರೆಸಿದ್ದನ್ನೇ ಒರೆಸುತ್ತಿದ್ದರು. ಎಲ್ಲರನ್ನೂ ತಮ್ಮಾ ತಂಗೀ ಎಂದು ಕರೆದು ಕಾಗದ ಓದದ ಹಾಗೆ ಮಾಡಿದ್ದ ಮನುಷ್ಯ. ಈಗ ಒಬ್ಬ ತಂಗಿ ನಿಜವಾಗಿಯೂ ತಂಗಿಯ ಹಾಗೆ ಹಟ ಹಿಡಿದು ಕೂತಿದ್ದಳು. ನಾನು ಫೈಲಿನೊಳಗೆ ಮುಖ ಇಟ್ಟು ನಗು ತಡೆದುಕೊಂಡೆ. ಪೂರ್ತಿ ತಡೆಯಲಿಲ್ಲ ಎಂದು ಕಾಣುತ್ತದೆ.

ಫೋನಿಟ್ಟ ಮೇಲೆ ಧಣಿಗಳು ಇಕ್ಕನನ್ನು ಕರೆಸಿದರು. “ಇದೆಂತ ಮಾರಾಯ್ರೆ, ಹೆಲ್ಪರ್ ಅಂತ ಹಾಕಿದ್ದು? ಸೂಪರ್‌ವೈಸರ್ ಅಲ್ವಾ ನಾನು ಹೇಳಿದ್ದು?”

ಇಕ್ಕ ಗೋಡೆ ನೋಡಿದರು. “ತ್ಸ್. ಹೊಸದು ಮಾಡಿಸುವಾ.”

ಇಬ್ಬರಲ್ಲಿ ಯಾರು ನಟಿಸಿದರು ಎಂದು ನನಗೆ ಗೊತ್ತಾಗಲಿಲ್ಲ. ನಾನು ನಟನೆ ಗೊತ್ತಿರುವವನು ಎಂದುಕೊಂಡಿದ್ದೆ. ಇವರ ಮುಂದೆ ನಾನು ಶಾಲೆಯ ವಾರ್ಷಿಕೋತ್ಸವದಲ್ಲಿ ಮರದ ಪಾತ್ರ ಮಾಡಿದ ಹುಡುಗ. ಹಳೆಯ ಕಾಗದವನ್ನು ಇಕ್ಕ ನನ್ನ ಎದುರೇ ಹರಿದರು. ಹೊಸದರಲ್ಲಿ ಸೂಪರ್‌ವೈಸರ್ ಎಂದು ಬಂತು. ಅಕ್ಕ ಅದನ್ನು ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಓದಿ, ಅರಬ್ಬಿಯ ಬದಿಯನ್ನು ಅಲ್ಲೇ ಪೇಟೆಯ ಮದರಸದ ಮೇಷ್ಟ್ರ ಹತ್ತಿರ ಓದಿಸಿ, ಆಮೇಲೆ ಬಾವನ ಕೈಗೆ ಪೆನ್ನು ಕೊಟ್ಟಳು.

ಅಡುಗೆಮನೆ ಏನೂ ತಣ್ಣಗಾಗಲಿಲ್ಲ. ತಣ್ಣಗಾಗಲು ಅದು ಶುರುವೇ ಆಗಿರಲಿಲ್ಲ. ಕಟ್ಟಡದ ಕೆಲಸವೇ ಬಾಕಿ ಇತ್ತು. ಅದು ನನಗೆ ತಿಳಿದದ್ದು ಮುಂದಿನ ವಾರ, ಧಣಿಗಳು ನನ್ನನ್ನು ಕರೆದಾಗ. ಅವತ್ತು ಕನ್ನಡಕ ಮೂಗಿನ ಮೇಲೇ ಇತ್ತು, ‘ತಮ್ಮಾ’ ಎನ್ನಲಿಲ್ಲ.

“ನಿನ್ನ ಅಕ್ಕನಿಗೆ ಎಲ್ಲ ಕಾಗದದಲ್ಲಿ ಇದ್ದ ಹಾಗೇ ಆಗ್ಬೇಕಂತೆ. ಒಳ್ಳೇದು. ಎಲ್ಲರಿಗೂ ಹಾಗೇ ಮಾಡುವಾ. ನಿನ್ನ ವೀಸಾದಲ್ಲಿ ಎಂತ ಉಂಟು?”

“ಟೈಲ್ಸ್ ಮೇಸ್ತ್ರಿ” ಎಂದಿತು ಬೆಕ್ಕು.

“ಅಬುಧಾಬಿ ಕಿಚನಿನಲ್ಲಿ ನೆಲದ ಕೆಲಸ ಬಾಕಿ ಉಂಟು. ನಾಳೆ ವ್ಯಾನ್ ಹೋಗ್ತದೆ. ಟೈ ಬಿಚ್ಚಿಟ್ಟು ಬಾ.”

ಬಾಯಿ ತೆರೆದು ವಾದಿಸಲು ನನ್ನ ಬಳಿ ಏನಿತ್ತು? ನಾನೇ ಓದದೆ ಸೈನ್ ಹಾಕಿದ ಕಾಗದ. ಟೂರಿಸ್ಟ್ ಕ್ಲಬ್ ಏರಿಯಾದ ಆ ಅಡುಗೆಮನೆಯಲ್ಲಿ ನಿಜವಾದ ಮೇಸ್ತ್ರಿಯೊಬ್ಬ ಸಿಕ್ಕ, ರಾಜಸ್ಥಾನದವನು. ಅವನ ವೀಸಾದಲ್ಲಿ ಏನಿದೆ ಎಂದು ಕೇಳಿದರೆ ನಾಚಿಕೊಂಡು “ಸೇಲ್ಸ್‌ಮನ್” ಎಂದ. ಅವನು ನನಗೆ ಸಿಮೆಂಟು ಕಲಸಲು ಕಲಿಸಿದ. ನಾನು ಅವನಿಗೆ ಧಣಿಗಳನ್ನು ಮಾಡಿ ತೋರಿಸಿದೆ. ಲೆಕ್ಕ ನೋಡಿದರೆ ಅವನಿಗೇ ನಷ್ಟ. ಒಲೆಗಳ ಹಿಂದಿನ ಮೂಲೆಯ ನೆಲವನ್ನು ನಾನೊಬ್ಬನೇ ಹಾಕಿದೆ. ಅದು ಈಗಲೂ ಉಳಿದ ನೆಲದಿಂದ ಬೇರೆಯಾಗಿ ನಿಂತಿರುತ್ತದೆ ಎಂದು ನಂಬಿದ್ದೇನೆ. ನೀರು ಸುರಿದರೆ ಮೋರಿಯ ಕಡೆಗೆ ಹೋಗುವ ಬದಲು ಅಲ್ಲೇ ಕೂತು ಯೋಚಿಸುತ್ತದೆ.

ಸರ್ಟಿಫಿಕೇಟಿಗೆ ಸೀಲುಗಳು ಬಿದ್ದವು, ಬಾವ ಬಂದ, ಆ ಮೂಲೆಯಲ್ಲಿ ಜಾರಿದ. ಎದ್ದು ನಿಂತು “ಕಮಿಷನ್ ತಿಂದವನು ಕೆಲಸವಾದ್ರೂ ಸರಿ ಮಾಡಬಾರದಾ?” ಎಂದ. ಮರುವರ್ಷ ಶಾಲೆ ಶುರುವಾಗುವ ಮೊದಲು ಅಕ್ಕನೂ ಮಗನೂ ಬಂದಿಳಿದರು. ಅಡುಗೆಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಹಳೆಯ ಕಟ್ಟಡದ ಐದನೇ ಮಹಡಿಯಲ್ಲಿ ಒಂದು ಕೋಣೆಯ ಫ್ಲಾಟು. ಬಾವ ಕೆಲಸ ಮುಗಿದ ಕೂಡಲೇ ಎಲ್ಲಿಗೆ ಹೋಗುತ್ತಾನೆ ಎಂದು ಈಗ ಯಾರೂ ಕೇಳಬೇಕಾಗಿರಲಿಲ್ಲ.

ನೆಲದ ಕೆಲಸ ಮುಗಿದು ನಾನು ಮತ್ತೆ ಟೈ ಕಟ್ಟಿ ದುಬೈ ಆಫೀಸಿಗೆ ಮರಳಿದ ಮೇಲೆ, ಒಮ್ಮೆ ಪಾರ್ಕಿಂಗಿನಲ್ಲಿ ಇಕ್ಕ ಒಬ್ಬರೇ ಸಿಕ್ಕಾಗ ಕೇಳಿಯೇಬಿಟ್ಟೆ. “ಇಕ್ಕಾ, ನಿಜ ಹೇಳಿ. ಹೆಲ್ಪರ್ ಅಂತ ಹಾಕಿಸಿದ್ದು ಯಾರು?” ಅವರು ಗೋಡೆಯನ್ನು ದೀರ್ಘವಾಗಿ ಓದಿ, “ನಿನ್ನ ಅಕ್ಕ ಸೌಖ್ಯ ಉಂಟಲ್ಲ ಮೋನೇ?” ಎಂದರು.

ಅಕ್ಕ ಬಂದ ಮೊದಲ ಶುಕ್ರವಾರ ನಾನು ದುಬೈಯಿಂದ ಬಸ್ಸಿನಲ್ಲಿ ಅವರ ಫ್ಲಾಟಿಗೆ ಹೋಗಿದ್ದೆ. ಊಟಕ್ಕೆ ಕೂರುವಷ್ಟರಲ್ಲಿ ಕರೆಗಂಟೆ ಬಡಿಯಿತು. ಕಂಪನಿಯ ಡ್ರೈವರ್ ನಿಂತಿದ್ದ. ಕೈಯಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಸ್ಟೀಲಿನ ಡಬ್ಬಿ. “ಸಾಬ್ ಕಾ ಘರ್ ಸೆ” ಎಂದು ಕೊಟ್ಟು ಹೋದ. ಅಕ್ಕ ಮುಚ್ಚಳ ತೆಗೆದಳು. ಬಿಸಿ ಪೂರ್ತಿ ಆರಿರಲಿಲ್ಲ, ಇಡೀ ಕೋಣೆಯಲ್ಲಿ ಬಾಳೆಹಣ್ಣಿನ ಪರಿಮಳ ಹಬ್ಬಿತು. ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬನ್ಸಿನ ಕತೆಯನ್ನೆಲ್ಲ ನಾನು ಫೋನಿನಲ್ಲಿ ಅವಳಿಗೆ ಹೇಳಿದ್ದೆನಲ್ಲ.

“ಇನ್ನು ಎಂತ ಬೇಕಂತೆ ಇವರಿಗೆ?” ಎಂದಳು.

ಬಾವನ ಕಡೆ ತಿರುಗಿದರೆ ಅವನ ಕೈಯಲ್ಲಿ ಆಗಲೇ ಎರಡನೆಯದು. ಬಾಯಿ ತುಂಬಿದ್ದರಿಂದ “ಹೂಂ” ಎಂದ.